ತೊಳೆದ ರೆಕಾರ್ಡು

ಡೆಲ್ಮರ್ ಪ್ರಿವಿಟ್ ಪ್ರಾಯದಲ್ಲಿ ಮಾಡಿದ ಜಾಣತನವೊಂದು ಅರವತ್ತರ ಹೊಸ್ತಿಲಲ್ಲಿ ಅವನ ಕಾಲಿಗೇ ತೊಡರಿತು. ಶಿಕಾಗೋದ ದಕ್ಷಿಣ ಭಾಗದ ನೆಲಮಾಳಿಗೆಗಳಲ್ಲಿ ಹೌಸ್ ಎಂಬ ಕುಣಿತದ ಸಂಗೀತ ಹಾಕುತ್ತಿದ್ದವರು, ತಮ್ಮ ಒಳ್ಳೆಯ ಹಾಡು ಇನ್ನೊಬ್ಬನ ಪಾಲಾಗಬಾರದೆಂದು, ರೆಕಾರ್ಡಿನ ನಡುವಿನ ಲೇಬಲ್ಲಿನ ಮೇಲೆ ಕಾಗದ ಅಂಟಿಸುತ್ತಿದ್ದ ಕಾಲವದು. ಡೆಲ್ಮರ್ ಎಲ್ಲರಿಗಿಂತ ಬುದ್ಧಿವಂತ. ರೆಕಾರ್ಡುಗಳನ್ನು ಸ್ನಾನದ ತೊಟ್ಟಿಯಲ್ಲಿ ನೆನೆಹಾಕಿ, ಲೇಬಲ್ಲನ್ನೇ ಉಜ್ಜಿ ತೆಗೆದಿದ್ದ. ಬರಬರುತ್ತಾ ಯಾವುದು ಯಾರ ಹಾಡೆಂಬುದು ಅವನಿಗೂ ಮರೆತುಹೋಯಿತು.

ಅವುಗಳಲ್ಲಿ ಒಂದು ರತ್ನವಿತ್ತು. 'ಬಾಗಿಲು ತೆರೆದಿದೆ, ಒಳಗೆ ಬಾ' ಎಂದು ಒಬ್ಬಳು ಹುಡುಗಿ ಹಾಡುವ ರೆಕಾರ್ಡು. ಪಕ್ಕದ ಮನೆಯ ರೋಸ್ಕೋ, ತಾನೂ ಒಂದು ಕಾಲದಲ್ಲಿ ರೆಕಾರ್ಡು ತಿರುಗಿಸಿದವನು, ಅದರ ಹೆಸರು ತಿಳಿಯಲು ಅಂದಿನಿಂದ ಹೆಣಗುತ್ತಿದ್ದ. ಡೆಲ್ಮರ್ ನಗುತ್ತಿದ್ದನೇ ಹೊರತು ತನಗೂ ಗೊತ್ತಿಲ್ಲವೆಂದು ಬಾಯಿಬಿಟ್ಟಿರಲಿಲ್ಲ.

ಇಂದು ಓಣಿಯ ಹಬ್ಬ. ಬೀದಿಗೆ ಅಡ್ಡಗಟ್ಟಿ ಕಾರುಗಳನ್ನು ತಡೆದಿದ್ದರು. ಪೇಟೆಯ ನಡುವಿನ ಕ್ಲಬ್ಬುಗಳಲ್ಲಿ ಈ ಸಂಗೀತ ಕೇಳಲು ಜನ ಸಾಲು ನಿಲ್ಲುತ್ತಾರೆ. ಆ ಬಾಗಿಲ ಕಾವಲುಗಾರ ಡೆಲ್ಮರನಂಥವರ ಬೂಟು ನೋಡಿಯೇ ಹಿಂದಕ್ಕೆ ಕಳಿಸುತ್ತಾನೆ. ಅದು ಹುಟ್ಟಿದ ಓಣಿಯಲ್ಲಿ ಮಾತ್ರ ಅದಕ್ಕೆ ವರ್ಷಕ್ಕೊಂದು ದಿನ, ಅದೂ ಪರವಾನಗಿ ಬೇಡಿ ತಂದು. ಬದುಕಿಡೀ ಬಸ್ಸು ಓಡಿಸಿದ ಡೆಲ್ಮರನಿಗೆ ಇದೇ ಮೊದಲ ಸಲ ಹಬ್ಬದಲ್ಲಿ ರೆಕಾರ್ಡು ಹಾಕಲು ಒಂದು ಗಂಟೆ ಸಿಕ್ಕಿತ್ತು. ಮತ್ತೊಮ್ಮೆ ಜನರನ್ನು ಕುಣಿಸಿ ಸತ್ತರೂ ಸರಿಯೆಂದು ಅವನು ವಾರದಿಂದ ನಿದ್ದೆಗೆಟ್ಟಿದ್ದ.

ಕರೆಂಟು ಸಿಸ್ಟರ್ ಅರ್ನೆಟಾ ಅವರ ಜಗಲಿಯಿಂದ ಬರಬೇಕಿತ್ತು. ಅವರು ಸನ್ಯಾಸಿನಿಯಲ್ಲ, ಎಲ್ಲರೂ ಸಿಸ್ಟರ್ ಎಂದು ಕರೆಯುವ ಚರ್ಚಿನ ಹಿರಿಯರು, ಓಣಿಯ ಸಂಘದ ಅಧ್ಯಕ್ಷರು. ಓಣಿಯ ಮೂಲೆಯಲ್ಲಿ ನಿಂತ ಹಲಗೆಯೂ ಅವರದೇ ಶಾಸನ: ಚೆಂಡಾಡಬಾರದು, ಕಾರು ತೊಳೆಯಬಾರದು, ಜೋರಾಗಿ ಹಾಡು ಹಾಕಬಾರದು.

"ನೋಡು ಮಗಾ, ಪ್ಲಗ್ಗು ನನ್ ಕುರ್ಚಿ ಪಕ್ಕದಲ್ಲೇ ಐತೆ," ಎಂದರು ಸಿಸ್ಟರ್. "ನನ್ ಕಿವಿಗೆ ಹಿಡಿಸ್ಲಿಲ್ವೋ, ಕಿತ್ತೆ ಅಂದ್ಕೋ."

"ಹಿಡಿಸ್ತದೆ ಸಿಸ್ಟರ್. ದೇವರಾಣೆ."

"ದೇವರನ್ನ ಯಾಕೆ ಎಳೀತೀಯಾ? ಅವನು ಬೆಳಗ್ಗೆಯಿಂದ ನನ್ ಜೊತೆ ಅವ್ನೆ."

ಅಷ್ಟರಲ್ಲಿ ರೋಸ್ಕೋ ತನ್ನ ಮಾಂಸ ಸುಡುವ ಒಲೆಗೆ ಜಾಗ ಮಾಡಲೆಂದು, ಮರದ ನೆರಳಲ್ಲಿದ್ದ ರೆಕಾರ್ಡಿನ ಪೆಟ್ಟಿಗೆಯನ್ನು ಎತ್ತಿ ಬಿಸಿಲಿಗಿಟ್ಟಿದ್ದ. ಡೆಲ್ಮರ್ ಬಂದು ನೋಡುವಾಗ ಎಲ್ಲವೂ ಹಪ್ಪಳದಂತೆ ಸುರುಟಿಕೊಂಡಿದ್ದವು.

"ಉಪಕಾರ ಮಾಡೋಣ ಅಂತ ಇಟ್ಟೆ ಮಾರಾಯ," ಎಂದ ರೋಸ್ಕೋ, ಇಕ್ಕಳದಿಂದ ಪಕ್ಕೆಲುಬಿನ ಮಾಂಸ ತಿರುವಿಹಾಕುತ್ತಾ. "ಒಂದು ತುಂಡು ತಿಂತೀಯಾ?"

"ನನ್ನನ್ನೇ ಅದರ ಮೇಲಿಟ್ಟು ಸುಡು."

ಕೈಚೀಲದಲ್ಲಿದ್ದ ಆ ರತ್ನವೊಂದೇ ಉಳಿದಿತ್ತು. ಕೊನೆಗೆ ಹಾಕಬೇಕೆಂದಿದ್ದುದನ್ನು ಮೊದಲೇ ಹಾಕಬೇಕಾಯಿತು. ಡೆಲ್ಮರ್ ಅದರ ಮೇಲೆ ಮುಳ್ಳು ಇಳಿಸಿದ.

ತಟ್ಟೆ ಕೆಳಗಿಟ್ಟು ಜನ ಬೀದಿಗಿಳಿದರು. ಮೊಣಕಾಲು ನೋವಿನ ಹೆಂಗಸರೂ ನೋವನ್ನು ಕುರ್ಚಿಯಲ್ಲೇ ಬಿಟ್ಟು ಎದ್ದರು. ಡೆಲ್ಮರನ ಕಣ್ಣು ತುಂಬಿತು.

"ಯಾರದು, ಬಾಲ ತುಳಿಸ್ಕೊಂಡ ಇಲಿ ಹಾಡ್ದಂಗೆ?" ಜಗಲಿಯಿಂದ ಸಿಸ್ಟರ್ ಕೂಗಿದರು. "ಸಾಕು, ಕೀಳ್ತೀನಿ." ಅವರ ಕೈ ಪ್ಲಗ್ಗಿನತ್ತ ಹೋಯಿತು.

ಅದೇ ಹೊತ್ತಿಗೆ ರೋಸ್ಕೋ ತಿರುಗುವ ರೆಕಾರ್ಡಿನ ಮೇಲೆ ಬಾಗಿದ. ಇಷ್ಟು ವರ್ಷ ಕಾಣದ ಹೆಸರು ಇವತ್ತಾದರೂ ಕಂಡೀತೆಂಬ ಆಸೆ. ಹೆಸರು ಕಾಣಲಿಲ್ಲ, ಅವನ ಹೊಟ್ಟೆ ಮಾತ್ರ ವೇಗದ ಗುಂಡಿಯನ್ನು ಒತ್ತಿತು.

ಹಾಡು ಜಾರಿತು. ಡೆಲ್ಮರನ ಇನ್ನೊಂದು ಗುಟ್ಟು ಬೀದಿಗೆ ಬಿತ್ತು: ನಿಧಾನಕ್ಕೆ ತಿರುಗಬೇಕಾದ ರೆಕಾರ್ಡನ್ನು ಅವನು ಮೊದಲಿನಿಂದಲೂ ವೇಗವಾಗಿ ತಿರುಗಿಸುತ್ತಿದ್ದ. ಇಲಿಯ ದನಿ ಇಳಿದು ಇಳಿದು, ತುಂಬಿದ ಹೆಣ್ಣುದನಿಯಾಯಿತು. ಕುಣಿಯುತ್ತಿದ್ದವರು ಕಾಲೆತ್ತಿದಲ್ಲೇ ನಿಂತು ಗೊಣಗಿದರು. ಡೆಲ್ಮರ್ ಗುಂಡಿಗೆ ಕೈ ಹಾಕಿದ.

"ಮುಟ್ಬೇಡ," ಎಂದರು ಸಿಸ್ಟರ್.

ಪ್ಲಗ್ಗು ಬಿಟ್ಟು, ಒಂದೊಂದೇ ಮೆಟ್ಟಿಲಿಳಿದು ಬಂದರು. ತುಟಿ ಆ ಹಾಡಿನ ಜೊತೆಗೇ ಆಡುತ್ತಿತ್ತು. "ಅದು ನಾನು ಕಣೋ. ಹತ್ತೊಂಬತ್ತು ವರ್ಷದ ನಾನು. ಕಂಪನಿ ಮುಚ್ಚೋಯ್ತು, ಹಾಡು ಸತ್ತೋಯ್ತು ಅಂತ ಅತ್ತು ಸುಮ್ಮನಾಗಿದ್ದೆ. ಎಲ್ಲಿ ಹಾಕ್ತಿದ್ದೆ ಇದನ್ನ?"

"ನೆಲಮಾಳಿಗೇಲಿ, ಸಿಸ್ಟರ್. ಮನೆಯಿಂದ ಹೊರಗೆ ಹಾಕಿಸ್ಕೊಂಡ ಹುಡುಗರು, ಚರ್ಚಲ್ಲೂ ಜಾಗ ಸಿಗದೋರು, ಅಲ್ಲಿಗೆ ಬರೋರು. ಬಾಗಿಲು ತೆರೆದಿದೆ ಅಂತ ನೀವು ಅಂದ ತಕ್ಷಣ ಎಲ್ಲಾರೂ ಕೈ ಎತ್ತೋರು."

"ಪ್ರಾರ್ಥನೇಲಿ ಎತ್ತಿದಂಗಾ?"

"ಹಂಗೇ."

ಸಿಸ್ಟರ್ ಅವನ ಕೆನ್ನೆ ಹಿಡಿದರು. "ನಾವು ಹಾಕಿದ ಬಾಗಿಲನ್ನ ನನ್ ದನಿ ತೆಗೀತಿತ್ತು, ನಂಗೇ ಗೊತ್ತಿರ್ಲಿಲ್ಲ. ನಿನ್ ಹೊಟ್ಟೆ ತಣ್ಣಗಿರ್ಲಿ. ಎಲ್ಲಿ, ನನ್ ಹೆಸರು ತೋರ್ಸು. ಕಂಪನಿ ಜೊತೆ ಜಗಳ ಆಡಿ ಹಾಕಿಸ್ಕೊಂಡಿದ್ದೆ ಆ ಹೆಸರನ್ನ."

ಡೆಲ್ಮರ್ ಬೋಳು ರೆಕಾರ್ಡನ್ನು ತೆಗೆದು ಅವರ ಕೈಗಿಟ್ಟು ನೆಲ ನೋಡಿದ. "ತೊಳೆದ್ಬಿಟ್ಟೆ."

"ತೊಳೆದ್ಯಾ?"

"ತೊಟ್ಟೀಲಿ. ಯಾರಿಗೂ ಗೊತ್ತಾಗ್ಬಾರ್ದು ಅಂತ."

"ಕಂಪನಿಯೋರೂ ಇದನ್ನೇ ಮಾಡೋಕೆ ನೋಡಿದ್ರು. ನಮ್ಮೋನೇ ಮಾಡಿ ಮುಗಿಸ್ದ."

ರೋಸ್ಕೋನ ಇಕ್ಕಳ ಕೆಳಗೆ ಬಿತ್ತು. "ಲೇ ಡೆಲ್ಮರ್, ಈ ನಿಧಾನದ ಹಾಡು ನನ್ನತ್ರಾನೇ ಐತಲ್ಲೋ." ಅವನು ಏದುತ್ತಾ ಮನೆಗೆ ಓಡಿ, ಲೇಬಲ್ಲಿದ್ದ ರೆಕಾರ್ಡು ತಂದ. ಲೇಬಲ್ಲಿನ ಅಂಚಿನಲ್ಲಿ ಇರುವೆ ಗಾತ್ರದ ಅಕ್ಷರ: ಅರ್ನೆಟಾ ಟಾಲಿವರ್. ಓಣಿಗೆ ಓಣಿಯೇ ಮುತ್ತಿ ಫೋಟೋ ಹೊಡೆದುಕೊಂಡಿತು. ಡೆಲ್ಮರ್ ಯೌವನವಿಡೀ ಕಾಯ್ದ ಗುಟ್ಟು ಈಗ ಐಸ್‌ಕ್ರೀಮ್ ಮಾರುವವನ ಫೋನಿನಲ್ಲೂ ಇತ್ತು.

ಸಿಸ್ಟರ್ ಮೈಕು ಹಿಡಿದು, ದೇವರಿಗೂ ಡೆಲ್ಮರನಿಗೂ ಒಟ್ಟಿಗೇ ವಂದನೆ ಹೇಳಿದರು. ಆಮೇಲೆ ಹಾಡಿಗಿಳಿದರು. ಒಂದೊಂದು ನುಡಿಯನ್ನೂ ಹಿಂದುಮುಂದು ಎಳೆದು, ಚರ್ಚಿನ ಮೇಳದವರನ್ನೂ ಕರೆದು ಹಾಡಿದರು. ಡೆಲ್ಮರನ ಗಂಟೆ ಅದರಲ್ಲೇ ಕರಗಿತು. ಜನ ಅಳುತ್ತಾ ನಗುತ್ತಾ ಅವನ ಬೆನ್ನು ತಟ್ಟಿದರು. ಕುಣಿದವರು ಯಾರೂ ಇಲ್ಲ.

"ಮುಂದಿನ ವರ್ಷಾನೂ ಗಂಟೆ ನಿಂದೇ ಕಣೋ," ಎಂದರು ಸಿಸ್ಟರ್. "ಇದೇ ಹಾಡು. ಇದೇ ನಿಧಾನ."

ಸಂಜೆ ಅಡ್ಡಗಟ್ಟು ತೆಗೆಯುವ ಮುಂಚೆ ಅವರು ಬಣ್ಣದ ಡಬ್ಬಿ ತರಿಸಿದರು. ಡೆಲ್ಮರ್ ಮೂಲೆಯ ಹಲಗೆಗೆ ಏಣಿ ಹಾಕಿ ಹತ್ತಿ, ಅವರು ಹೇಳಿದಂತೆ, 'ಕಾರು ತೊಳೆಯಬಾರದು' ಎಂಬುದರ ಕೆಳಗೆ ತನ್ನ ಕೈಯಾರೆ ಬರೆದ: ರೆಕಾರ್ಡೂ ತೊಳೆಯಬಾರದು.