ಮಾರ್ತಮ್ಮನ ಚೀಸಿಗೆ ಅರಿಶಿನದ ಸ್ನಾನ

ನಾನು ಅಜ್ಜಿಯಾದೆ! ನಮ್ಮ ಗಿರಿಜೆಗೆ ಹೆಣ್ಣು ಮಗು. ತಲೆ ತುಂಬ ನಮ್ಮ ಕಡೆಯ ಕಪ್ಪು ಕೂದಲು, ಮೂಗು ಮಾತ್ರ ಅವರ ಕಡೆಯದು. ಅವರ ಕಡೆ ಎಂದರೆ ಫ್ರಾನ್ಸ್ ದೇಶ.

ಮೂರನೇ ಕ್ಲಾಸಿಗೇ ಶಾಲೆ ಬಿಟ್ಟು ದೊಡ್ಡಬಳ್ಳಾಪುರದಲ್ಲಿ ಮಗ್ಗದ ಕಂಡಿಕೆಗೆ ನೂಲು ಸುತ್ತಲು ಕೂತವಳಿಗೆ ಫ್ರಾನ್ಸ್ ಎಲ್ಲಿಂದ ಬಂತು ಅಂತೀರಾ? ಅಲ್ಲಿಂದ ನಮ್ಮ ಮಗ್ಗ ನೋಡಲು ಬಂದ ಲೂಕ್ ಎಂಬ ಹುಡುಗ ನಮ್ಮ ಮಗಳನ್ನೂ ನೋಡಿಬಿಟ್ಟ. ಮದುವೆಗೆ ಬಂದ ಅವನ ತಾಯಿ ಮಾರ್ತ್ ನನ್ನ ಪಕ್ಕ ಕೂತು ಹೂವು ಕಟ್ಟಿದಳು. ಒಬ್ಬರ ಮಾತು ಇನ್ನೊಬ್ಬರಿಗೆ ಬಾರದು. ಆದರೂ ಬುಟ್ಟಿ ಖಾಲಿಯಾಗುವ ಹೊತ್ತಿಗೆ ಗೆಳತಿಯರಾಗಿದ್ದೆವು. ನನ್ನ ಬಾಯಲ್ಲಿ ಅವಳು ಮಾರ್ತಮ್ಮ. ಹೊರಡುವಾಗ ಒಂದು ಬಾಟಲಿ ಮಾವಿನ ಉಪ್ಪಿನಕಾಯಿ ಕೊಟ್ಟು ಕಳಿಸಿದೆ. ನಾನು ಹಾಕಿದ ಉಪ್ಪಿನಕಾಯಿಗೆ ಬೂಷ್ಟು ಬರುವುದಿಲ್ಲ. ಇದು ನಮ್ಮ ಬೀದಿಗೆಲ್ಲ ಗೊತ್ತಿರುವ ವಿಷಯ.

ನಾಮಕರಣಕ್ಕೆಂದು ನಾನೂ ನಮ್ಮನೆಯವರೂ ಮಾರ್ತಮ್ಮನ ಹಳ್ಳಿಗೆ ಹೋದೆವು. ಕಲ್ಲಿನ ಮನೆ, ಸುತ್ತ ಹುಲ್ಲುಗಾವಲು, ಒಂದೊಂದು ಹಸುವೂ ನಮ್ಮ ಮಗ್ಗದಷ್ಟು ಅಗಲ. ನಾಮಕರಣದ ಬೆಳಿಗ್ಗೆ ಮಾರ್ತಮ್ಮ ಸಂತೆಗೆ ಹೋಗಿದ್ದಳು. ನಾನು ಆಲೂಗಡ್ಡೆ ತರಲು ನೆಲಮಾಳಿಗೆಗೆ ಇಳಿದೆ. ಹಲಗೆಯ ಮೇಲೆ ಬೆಲ್ಲದ ಅಚ್ಚಿನಂತೆ ಚೀಸಿನ ಉಂಡೆಗಳು ಸಾಲಾಗಿ ಕೂತಿದ್ದವು. ಮೈತುಂಬ ಬೂಷ್ಟು!

ಪಾಪ, ಮಂಡಿನೋವಿನ ಹೆಂಗಸು. ಮೆಟ್ಟಿಲಿಳಿದು ನೋಡಿ ಎಷ್ಟು ಕಾಲವಾಯಿತೋ. ಬಾಯಿಬಿಟ್ಟು ಹೇಳಿದರೆ ಬೀಗಿತ್ತಿಗೆ ಅವಮಾನ. ಸಂಜೆ ಅವಳ ನೆಂಟರು ಬರುವಷ್ಟರಲ್ಲಿ, ಯಾರಿಗೂ ತಿಳಿಯದಂತೆ ಅವಳ ಮಾನ ಕಾಪಾಡುವುದು ನನ್ನ ಪರಮ ಕರ್ತವ್ಯವೆಂದು ತೀರ್ಮಾನಿಸಿದೆ.

ಬ್ರಷ್ಷು ಹಾಕಿ ಉಜ್ಜಿದೆ. ಮತ್ತೆ ಬೂಷ್ಟು ಹಿಡಿಯದಿರಲಿ ಎಂದು ಉಪ್ಪು, ಅರಿಶಿನ ಬಳಿದೆ. ನಮ್ಮನೆಯವರ ಬಿಳಿ ಪಂಚೆಯನ್ನು ಅಂಗಳದಲ್ಲಿ ಹಾಸಿ, ಹಪ್ಪಳದಂತೆ ಬಿಸಿಲಿಗೆ ಹರವಿದೆ.

"ಕಾಗೆ ಬಂದ್ರೆ ಓಡಿಸ್ರೀ."

"ಇಲ್ಲಿ ಒಂದು ಕಾಗೇನೂ ಕಾಣೆನಲ್ಲೇ," ಎನ್ನುತ್ತಲೇ ಅವರು ಕೋಲು ಹಿಡಿದು ಕೂತರು.

ಕಾಗೆ ಬರಲಿಲ್ಲ. ಬಿಸಿಲು ಬಂತು. ಚೀಸು ಮೆಲ್ಲಗೆ ಕರಗಿ ಪಂಚೆಯ ಅಂಚು ದಾಟಿತು. ಅಷ್ಟರಲ್ಲಿ ಗಿರಿಜೆ ಮಗುವನ್ನೆತ್ತಿಕೊಂಡು ಹೊರಗೆ ಬಂದಳು.

"ಏನಮ್ಮ ಇದು?"

"ಬೂಷ್ಟು ಬಂದಿತ್ತು ಕಣೆ, ತೊಳೆದೆ. ನಿಮ್ಮತ್ತೆಗೆ ಹೇಳ್ಬೇಡ, ನೊಂದ್ಕೋತಾಳೆ."

"ಅಯ್ಯೋ, ಆ ಬೂಷ್ಟೇ ಅದರ ರುಚಿ ಕಣಮ್ಮ. ನಾನು ಬಸುರಿ ಅಂತ ಗೊತ್ತಾದಾಗ ಅತ್ತೆ ಕೈಯಾರೆ ಮಾಡಿಟ್ಟಿದ್ದು. ಇವತ್ತು ಕುಯ್ಯೋಣ ಅಂತ, ದಿನಾ ಕೆಳಗಿಳಿದು ತಿರುಗಿಸಿ ಇಡ್ತಿದ್ರು."

"ಆ ಮಂಡೀಲಾ?"

"ಆ ಮಂಡೀಲೇ."

ಮೊಮ್ಮಗಳಿಗೆ ಹೆಸರಿಡಲು ಬಂದು ಗೆಳತಿಯನ್ನೇ ಕಳೆದುಕೊಳ್ಳುವಂತಾಯಿತಲ್ಲ!

ಮಾರ್ತಮ್ಮ ಬಂದಳು. ಪಂಚೆ ನೋಡಿದಳು, ನನ್ನ ಹಳದಿ ಕೈ ನೋಡಿದಳು. ನಾನು ಗಲ್ಲ ಗಲ್ಲ ಬಡಿದುಕೊಂಡೆ. ಅವಳು ಕಷ್ಟಪಟ್ಟು ಬಗ್ಗಿ, ಪಂಚೆಯ ಮೇಲಿಂದ ಬೆರಳಲ್ಲಿ ತೆಗೆದು ಬಾಯಿಗಿಟ್ಟಳು. ಕಣ್ಣು ಮುಚ್ಚಿದಳು. ಆಮೇಲೆ ಮಂಡಿ ಹಿಡಿದುಕೊಂಡು ಅಲ್ಲೇ ಕೂತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

"ಬಿಸಿ ಆಲೂಗಡ್ಡೆ ಮೇಲೆ ಸುರಿಯೋಣ ಅಂತಿದಾರೆ," ಎಂದಳು ಗಿರಿಜೆ.

ಸಂಜೆ ಮಗುವಿಗೆ ಗೌರಿ ಎಂದು ಹೆಸರಿಟ್ಟು, ಮರದ ಕೆಳಗೆ ಉದ್ದ ಮೇಜು ಹಾಕಿ ಎಲ್ಲರೂ ಊಟಕ್ಕೆ ಕೂತೆವು. ನೆಂಟರು ಹಳದಿ ಚೀಸನ್ನು ಎರಡೆರಡು ಸಲ ಬಡಿಸಿಕೊಂಡರು. ನಾನು ಸ್ವಲ್ಪ ಬೀಗತೊಡಗಿದ್ದೆ. ಆಗ ಮಾರ್ತಮ್ಮ ಒಳಗಿನಿಂದ ಒಂದು ಬಾಟಲಿ ತಂದು, ದೇವರ ಪ್ರಸಾದದಂತೆ ನನ್ನ ಮುಂದಿಟ್ಟಳು.

ನನ್ನ ಉಪ್ಪಿನಕಾಯಿ. ಮೇಲೆ ಹತ್ತಿಯಂತೆ ದಪ್ಪ ಬೂಷ್ಟು.

"ನಿನ್ನ ಬಾಟ್ಲಿ ಇವತ್ತಿಗೆ ಅಂತ ಜೋಪಾನ ಮಾಡಿದ್ರಂತೆ ಕಣಮ್ಮ," ಗಿರಿಜೆ ನಗು ತಡೆದುಕೊಂಡು ಹೇಳಿದಳು. "ಮೇಲಿರೋದನ್ನ ಒಂಚೂರೂ ಮುಟ್ಟಿಲ್ವಂತೆ."

ನಮ್ಮನೆಯವರು ನನ್ನ ಕಿವಿಯ ಹತ್ತಿರ ಬಗ್ಗಿದರು. "ಬೀದಿಗೆ ಗೊತ್ತಿತ್ತು. ಈಗ ದೇಶಕ್ಕೂ ಗೊತ್ತಾಯ್ತು ಬಿಡು."

ನಾನು ಮೆಲ್ಲಗೆ ಚಮಚ ಹಾಕಿ ಬೂಷ್ಟನ್ನು ತೆಗೆಯಲು ಹೋದೆ.

ಮಾರ್ತಮ್ಮ ಗಾಬರಿಯಿಂದ ನನ್ನ ಕೈ ಹಿಡಿದುಕೊಂಡಳು.