ಬೂಟು ಕಚ್ಚಿದ ಪೆಡಲು

ಸೈಕಲ್ಲಿನ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂಬುದು ತೊಂಬತ್ತರ ದಶಕದ ನಡುವಿನವರೆಗೂ ನನ್ನ ದೃಢವಾದ ನಂಬಿಕೆಯಾಗಿತ್ತು. ಕಾರವಾರದ ಕಚೇರಿಗಿರಲಿ, ಕಾಳಿ ಸೇತುವೆ ದಾಟಿ ಸದಾಶಿವಗಡಕ್ಕೆ ಮೀನಿಗಿರಲಿ, ನನ್ನದು ಸೈಕಲ್ ಸವಾರಿಯೇ. ಹೀಗಿರುವಾಗ ಹಡಗಿನಲ್ಲಿ ಕೆಲಸಕ್ಕಿದ್ದ ನನ್ನ ತಮ್ಮ ರಜೆಗೆ ಬರುವಾಗ ಗುಡ್ಡ ಹತ್ತುವ ದಪ್ಪ ಟಯರಿನ ಸೈಕಲ್ಲೊಂದನ್ನು ತಂದುಕೊಟ್ಟ.

ಅದರ ಪೆಡಲು ನೋಡಿ ದಂಗಾದೆ. ಪಾದ ಊರುವ ಜಾಗದಲ್ಲಿ ಎರಡು ಕಬ್ಬಿಣದ ದವಡೆಗಳು! ಜೊತೆಗೆ ವಿಶೇಷ ಬೂಟು. ಬೂಟಿನ ಅಡಿಗೆ ಉಕ್ಕಿನ ಸಣ್ಣ ಬಿಲ್ಲೆಯೊಂದನ್ನು ಸ್ಕ್ರೂ ಹಾಕಿ ಕೂರಿಸಬೇಕು. ತುಳಿದರೆ ದವಡೆ ‘ಟಕ್’ ಎಂದು ಬಿಲ್ಲೆಯನ್ನು ಕಚ್ಚುತ್ತದೆ. ಹಿಮ್ಮಡಿಯನ್ನು ಹೊರಕ್ಕೆ ತಿರುಚಿದರೆ ಬಿಡುತ್ತದೆ.

“ಕಾಲು ಕಟ್ಕಂಡು ಸೈಕಲ್ ಹೊಡಿಯೂದು ಎಂತಕ್ರಾ?” ಎಂದಳು ಹೆಂಡತಿ ಶಾರದೆ.

“ಇದು ವಿಜ್ಞಾನ. ನಿಂಗೆ ತಿಳಿಯೂದಿಲ್ಲ.”

ಒಂದೊಂದು ಬಿಲ್ಲೆಗೆ ಎರಡೆರಡು ಸ್ಕ್ರೂ ಕೊಟ್ಟಿದ್ದರು. ನಾನು ಒಂದೊಂದೇ ಹಾಕಿ, ಉಳಿದೆರಡನ್ನು ಡಬ್ಬಿಯಲ್ಲಿ ಜೋಪಾನ ಮಾಡಿದೆ. ನಾಳೆ ಕಳೆದುಹೋದರೆ ಕಾರವಾರದಲ್ಲಿ ಇಂಥ ಸ್ಕ್ರೂ ಎಲ್ಲಿ ಸಿಗಬೇಕು?

“ಕೊಟ್ಟದ್ದು ಹಾಕೂಕೇ ಅಲ್ದಾ?” ಎಂದಳು ಶಾರದೆ.

ಹಿಡಿತ ಸಡಿಲವಾಗಬಾರದೆಂದು ಪೆಡಲಿನ ಸ್ಪ್ರಿಂಗನ್ನೂ ತಿರುಗುವಷ್ಟು ತಿರುಗಿಸಿ ಬಿಗಿ ಮಾಡಿದೆ. ಹೊಲಿಗೆ ಯಂತ್ರದ ಎಣ್ಣೆ ಬಿಟ್ಟೆ. ಅಂಗಳದಲ್ಲಿ ಹತ್ತಿದೆ, ಟಕ್. ತಿರುಚಿದೆ, ಬಿಟ್ಟಿತು. ಪರೀಕ್ಷೆಯಲ್ಲಿ ಪಾಸು!

ಅದೇ ಹೊತ್ತಿಗೆ ಅಂಕೋಲೆಯ ಆಚೆ ಶೆಟಗೇರಿಯಲ್ಲಿರುವ ನನ್ನ ಮಾವನ ಮನೆಗೆ ನಾದಿನಿ ಮಂಗಲೆಯನ್ನು ನೋಡಲು ಗಂಡಿನವರು ಬರುವುದು ನಿಶ್ಚಯವಾಯಿತು. ಹಿಂದೆ ಎರಡು ಸಂಬಂಧ ತಪ್ಪಿದ್ದರಿಂದ ಮಾವ ಕಂಗೆಟ್ಟಿದ್ದರು. ಗದ್ದೆಯಲ್ಲಿ ಎತ್ತಿನೊಡನೆ ಬಿಟ್ಟರೆ ಅವರು ಹೆಚ್ಚು ಮಾತನಾಡುವವರೇ ಅಲ್ಲ. “ಮಾತುಕತೆಗೆ ನೀವೇ ಮುಂದೆ ನಿಲ್ಲೂದು” ಎಂದು ಹೇಳಿಕಳಿಸಿದ್ದರು. ಶಾರದೆ ಬಸ್ಸು ಹತ್ತಿದಳು. ನಾನು ಹೊಸ ಸೈಕಲ್ ಹತ್ತಿದೆ. ಅಳಿಯನ ಗತ್ತು ಗಂಡಿನವರಿಗೂ ತಿಳಿಯಲಿ!

ಬಿಣಗಾ ಘಟ್ಟ ಹತ್ತಿ ಇಳಿದೆ, ಹೆದ್ದಾರಿಯ ಹೊಂಡಗಳಲ್ಲಿ ಕುಣಿದೆ. ಅವರ್ಸಾದಲ್ಲಿ ಒಂದು ಸೋಡಾ ಕುಡಿಯೋಣವೆಂದು ಹಿಮ್ಮಡಿ ತಿರುಚಿದೆ.

ಬೂಟು ತಿರುಗಿತು. ಬಿಲ್ಲೆ ತಿರುಗಲಿಲ್ಲ!

ಹೊಂಡಗಳ ಕುಲುಕಾಟಕ್ಕೆ ಆ ಒಂಟಿ ಸ್ಕ್ರೂ ಸಡಿಲವಾಗಿ, ಮೊಳೆಗೆ ನೇತುಹಾಕಿದ ಕ್ಯಾಲೆಂಡರಿನಂತೆ ನನ್ನ ಪಾದ ಅತ್ತಿತ್ತ ಆಡುತ್ತಿತ್ತು. ಇನ್ನೊಂದು ಕಾಲು ತಿರುಚಿದೆ. ಅದೂ ಅದರ ಅಣ್ಣ! ಬಗ್ಗಿ ಲೇಸು ಬಿಚ್ಚೋಣವೆಂದರೆ ಎದುರಿಗೆ ಲಾರಿ. ಮೇಲಾಗಿ ನಾನೇ ಹಾಕಿದ ಎರಡೆರಡು ಗಂಟು. ನಿಂತರೆ ಬೀಳುತ್ತೇನೆ, ಬೀಳಬಾರದೆಂದರೆ ತುಳಿಯಬೇಕು. ಅಂಕೋಲೆಯ ಪೇಟೆಯಲ್ಲಿ ಪರಿಚಯದವರೊಬ್ಬರು “ಓ, ಚಾ ಕುಡ್ಕಂಡ್ ಹೋಗಿ!” ಎಂದು ಕರೆದರು. “ಆಮೇಲೆ!” ಎಂದು ಕೂಗಿದೆ. ಸಹಾಯ ಮಾಡಿ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಅವರು ಹಿಂದೆ ಉಳಿದಿದ್ದರು.

ಮಾವನ ಅಂಗಳ ಬಂತು. ಜಗಲಿಯ ಮೇಲೆ ಗಂಡು, ಅವನ ತಾಯಿ, ಸೋದರಮಾವ ಸಾಲಾಗಿ ಕೂತಿದ್ದರು. ನನ್ನ ಮಾವ ಎದ್ದು ನಿಂತು, “ಬನ್ನಿ, ಬನ್ನಿ, ಕೂತ್ಕಣಿ” ಎಂದರು.

ಕೂರುವುದೆಲ್ಲಿ ಬಂತು! ತುಳಸಿ ಕಟ್ಟೆಗೆ ಒಂದು ಸುತ್ತು ಹಾಕಿದೆ.

“ನಮಸ್ಕಾರ!” ಎಂದೆ. ಮುಂದಿನ ಸುತ್ತಿನಲ್ಲಿ, “ನಾನು ಹಿರಿ ಅಳಿಯ!” ಅದರ ಮುಂದಿನದರಲ್ಲಿ, “ಪ್ರಯಾಣ ಸುಖವಾಯ್ತಾ?”

ಗಂಡಿನ ತಾಯಿ ಬೆರಗಾಗಿ ಶಾರದೆಯನ್ನು ಕೇಳಿದರು: “ಎಂತಾ ಹರಕೆಯಾ ತಂಗಿ?”

“ಇಳೀರಿ!” ಎಂದು ಶಾರದೆ ಕಿರುಚಿದಳು.

“ಇಳೂಕೆ ಆಗೂದಿಲ್ಲ!”

“ಎಂತಕ್ಕೆ?”

“ವಿಜ್ಞಾನ!”

ಅದೇ ಗಳಿಗೆಗೆ ಮಂಗಲೆ, ತಲೆ ತಗ್ಗಿಸಿ, ಅವಲಕ್ಕಿ ಚಹದ ತಾಟು ಹಿಡಿದು ಹೊರಗೆ ಬಂದಳು. ಅವಳು ಕತ್ತೆತ್ತಿದಾಗ ಕಂಡದ್ದು ಗಂಡಿನ ಮುಖವಲ್ಲ, ಬಾಯಿ ಬಿಟ್ಟುಕೊಂಡು ಸುತ್ತುತ್ತಿದ್ದ ಭಾವನ ಮುಖ! ತಾಟನ್ನು ಗಂಡಿನ ಕೈಗೇ ತುರುಕಿ, ಸೀರೆ ಎತ್ತಿ ಸಿಕ್ಕಿಸಿ, ಅಂಗಳಕ್ಕೆ ಹಾರಿ ಸೈಕಲ್ಲಿನ ಹ್ಯಾಂಡಲನ್ನು ಎರಡೂ ಕೈಯಲ್ಲಿ ಗಬಕ್ಕನೆ ಹಿಡಿದಳು. ಸೈಕಲ್ ನಿಂತಿತು. ಮರುಕ್ಷಣ ನಾನೂ ಸೈಕಲ್ಲೂ ಸಾವಕಾಶವಾಗಿ, ಮರ್ಯಾದೆಯಿಂದ, ತೆಂಗಿನ ಗರಿಗಳ ರಾಶಿಗೆ ಒರಗಿದೆವು.

ಬಿದ್ದ ಮೇಲೂ ಕಾಲು ಬಿಡಲಿಲ್ಲ! ಬೆನ್ನು ಕೆಳಗಾದ ಜೀರುಂಡೆಯಂತೆ ಒದ್ದಾಡಿದೆ. ಮಂಗಲೆ ಅಡುಗೆಮನೆಯಿಂದ ಚಾಕು ತಂದು ಲೇಸನ್ನು ಕರಕರನೆ ಕೊಯ್ದಳು. ನಾನು ಹೊರಬಂದೆ. ಬೂಟುಗಳು ಪೆಡಲಿನಲ್ಲೇ ಉಳಿದವು. ಹರಿದ ಕಾಲುಚೀಲದಿಂದ ಹೆಬ್ಬೆರಳು ಗಂಡಿನವರನ್ನು ಇಣುಕಿ ನೋಡುತ್ತಿತ್ತು.

ಜಗಲಿಯ ಮೇಲಿದ್ದವರು ಮುಖ ಮುಖ ನೋಡಿಕೊಂಡರು. ಮುಗಿಯಿತು, ಮೂರನೇ ಸಂಬಂಧವನ್ನು ನಾನೇ ಕೈಯಾರೆ, ಅಲ್ಲ, ಕಾಲಾರೆ ಮುರಿದೆ ಎಂದುಕೊಂಡೆ. ಶಾರದೆಯ ಮುಖ ನೋಡುವ ಧೈರ್ಯವಾಗಲಿಲ್ಲ. ಗಂಡು ಮಾತ್ರ ತಾಟು ಹಿಡಿದುಕೊಂಡೇ ಮಂಗಲೆಯನ್ನು ನೋಡುತ್ತಿದ್ದ. ಕೊನೆಗೆ ತಾಯಿಯ ಕಡೆ ತಿರುಗಿ, “ಆಯೀ, ನಂಗೆ ಒಪ್ಪಿಗೆ” ಎಂದ.

ತಾಯಿ ತಲೆಯಾಡಿಸಿದರು. “ಹುಡುಗಿ ಗಟ್ಟಿ ಅದೆ” ಎಂದರು. ನನ್ನ ಜೀವ ಮರಳಿತು. ಅಷ್ಟರಲ್ಲಿ ಸೋದರಮಾವ ಕೆಮ್ಮಿ, ಗರಿ ಕೊಡವಿಕೊಳ್ಳುತ್ತಿದ್ದ ನನ್ನತ್ತ ಕಣ್ಣು ಹಾಯಿಸಿದರು.

“ಎಲ್ಲ ಸಮ. ಒಂದೇ ಒಂದು ಕೇಳೂದಿತ್ತು. ಇದು...” ಎಂದು ತಲೆಯ ಪಕ್ಕ ಬೆರಳು ತಿರುಗಿಸಿ, “ನಿಮ್ಮ ಮನೆತನದಲ್ಲಿ ಬಂದದ್ದಾ?” ಎಂದು ನನ್ನ ಮಾವನನ್ನು ಕೇಳಿದರು.

ಬಾಯಿಲ್ಲದ ನನ್ನ ಮಾವನಿಗೆ ಅಂದು ಎಲ್ಲಿಂದ ಮಾತು ಬಂತೋ! ಎರಡೂ ಕೈ ಮುಗಿದು, ಸ್ಪಷ್ಟವಾಗಿ, ಊರಿಗೆಲ್ಲ ಕೇಳುವಂತೆ ಹೇಳಿದರು:

“ಛೇ ಛೇ! ದೇವರಾಣೆ ಅಲ್ರಾ! ಅವ್ರು ನಮ್ಮ ರಕ್ತ ಅಲ್ಲ. ಬರೀ ಅಳಿಯ!”