ಗಂಡನ ಹೆಸರು ಹೇಳ್ರಿ

ನಮ್ಮ ಸೋದರಮಾವನಿಗೆ ಈ ಜಗತ್ತಿನಲ್ಲಿ ಒಬ್ಬರ ಗುರುತೂ ಇಲ್ಲ! ಹುಟ್ಟಿದ್ದು ಗಬ್ಬೂರು, ಎಕ್ಸ್‌ರೇ ತೆಗೆಯುವ ಕೆಲಸ ರಾಯಚೂರಿನಲ್ಲಿ, ದೇವದುರ್ಗದಿಂದ ಮಾನ್ವಿಯವರೆಗೆ ಓಣಿಗೊಬ್ಬ ಬೀಗ. ಅಂಥ ಮನುಷ್ಯ ಸ್ಕ್ಯಾನಿಂಗ್ ಸೆಂಟರಿನ ಬಿಳಿ ಕೋಟು ತೊಟ್ಟನೆಂದರೆ ಹೆತ್ತ ತಾಯಿಯನ್ನೂ “ನಿಮ್ಮ ಹೆಸರೇನ್ರಿ?” ಎಂದು ಕೇಳುತ್ತಿದ್ದ. ಇದನ್ನು ಮದುವೆ ಮನೆಗಳಲ್ಲಿ ನಾನು ಅಭಿನಯಿಸಿ ತೋರಿಸಿ ಎಲ್ಲರನ್ನೂ ನಗಿಸುತ್ತಿದ್ದೆ. ಅತ್ತೆಗೆ, ಅಂದರೆ ಮಾವನ ಹೆಂಡತಿಗೆ, ಮರೆವಿನ ರೋಗ ಹತ್ತಿದ ಮೇಲೆ ಆ ಅಭಿನಯ ನಿಲ್ಲಿಸಿದ್ದೇನೆ. ಆದರೂ ಹೇಳುತ್ತೇನೆ. ನಗು ಬಂದಲ್ಲಿ ನೀವು ನಕ್ಕುಬಿಡಿ, ಮಾವ ಬೇಜಾರು ಮಾಡಿಕೊಳ್ಳುವವನಲ್ಲ.

ಅವನೇನು ಹುಟ್ಟಾ ಹೀಗಿರಲಿಲ್ಲ. ಸೆಂಟರಿನ ಡಾಕ್ಟರಿಗೆ ಗುಣಮಟ್ಟದ ಮಾನ್ಯತಾ ಪತ್ರ ಪಡೆಯುವ ಉಮೇದು ಬಂತು. ಅದಕ್ಕೆ ನೂರೆಂಟು ನಿಯಮ. ಯಂತ್ರ ಸರಿಯಿದೆಯೇ, ಕಿರಣ ತಡೆಯುವ ಸೀಸದ ಏಪ್ರನ್ ಬಿರುಕು ಬಿಟ್ಟಿದೆಯೇ, ಗರ್ಭಿಣಿಯರಿಗೆ ಎಚ್ಚರಿಕೆಯ ಫಲಕ ಕಾಣುವ ಹಾಗಿದೆಯೇ! ಇವುಗಳಲ್ಲಿ ಒಂದು ಮಾವನ ತಲೆಯೊಳಗೆ ಮೊಳೆ ಹೊಡೆದಂತೆ ಕೂತುಬಿಟ್ಟಿತು. ಚಿತ್ರ ತೆಗೆಯುವ ಮೊದಲು ರೋಗಿ ತನ್ನ ಹೆಸರನ್ನೂ ಇನ್ನೊಂದು ಗುರುತನ್ನೂ ತನ್ನ ಬಾಯಿಂದಲೇ ಹೇಳಬೇಕು. ಸಿಬ್ಬಂದಿ ತಾವೇ ಹೇಳಿ ಹೂಂಗುಟ್ಟಿಸಿಕೊಳ್ಳಕೂಡದು. ನ್ಯಾಯವೇ ಅನ್ನಿ. “ಬಸಮ್ಮ ಯಾರ್ರಿ?” ಎಂದರೆ ಅರ್ಧ ಬೆಂಚು ಎದ್ದು ನಿಲ್ಲುವ ಸೀಮೆ ನಮ್ಮದು. ಒಬ್ಬ ಬಸಮ್ಮನ ಎದೆಗೂಡು ಇನ್ನೊಬ್ಬ ಬಸಮ್ಮನ ಕೈಗೆ ಹೋದರೆ ಗತಿಯೇನು?

ನಾನು ಮಾನ್ವಿಯಲ್ಲಿ ಶಾಲೆಯ ಮೆಟ್ಟಿಲು ಜಾರಿ, ಮೊಣಕಾಲು ಊದಿಸಿಕೊಂಡು ಅಲ್ಲಿಗೆ ಹೋದೆ.

“ನಿಮ್ಮ ಹೆಸರೇನ್ರಿ?” ಎಂದ ಮಾವ.

“ಮಾವಾ, ತೊಟ್ಟಿಲಾಗ ಹಾಕುವಾಗ ನನಗ ಹೆಸರಿಟ್ಟಾಂವ ನೀನ!”

“ಇಟ್ಟಿದ್ದು ಖರೆ. ಈಗೂ ಅದ ಹೆಸರು ಅದನೋ, ಬದಲಿ ಆಗ್ಯದೋ, ನನಗೇನ್ ಕನಸು ಬೀಳ್ತದೇನು?”

ಹೇಳಿದೆ.

“ತಂದಿ ಹೆಸರು?”

“ನಿನ್ನ ಭಾವ!”

“ಭಾವ ಅಂತ ಬರಕೊಂಡ್ರ ಪರೀಕ್ಷಾ ಮಾಡೋರು ಒಪ್ಪಂಗಿಲ್ಲವ್ವ.”

ಮಾನ್ಯತೆ ಕೊಡುವ ಆ ಪರೀಕ್ಷಕರು ಕೊನೆಗೂ ಬಂದರು. ಮಾವ ಎಕ್ಸ್‌ರೇ ಕೋಣೆಯ ಬಾಗಿಲಿಗೆ ಅಡ್ಡ ನಿಂತು, “ಬರ್ರಿ ಬರ್ರಿ. ಮೊದಲ ನಿಮ್ಮ ಹೆಸರು, ತಂದಿ ಹೆಸರು ಹೇಳ್ರಿ” ಎಂದ! ಡಾಕ್ಟರು ಅಲ್ಲೇ ಬೆವೆತುಹೋದರು. ಪರೀಕ್ಷಕರು ಮಾತ್ರ ನಗುತ್ತ ಹೇಳಿ ಒಳಗೆ ಹೋದರು, ಮಾನ್ಯತೆಯೂ ಬಂತು. ಆ ವರ್ಷ ಆಯುಧಪೂಜೆಯಲ್ಲಿ ಯಂತ್ರಕ್ಕಿಂತ ದಪ್ಪ ಹಾರ ಬಿದ್ದಿದ್ದು ಗೋಡೆಯ ಮೇಲಿನ ಆ ಪತ್ರಕ್ಕೆ.

ಕಷ್ಟವಾದದ್ದು ನಮ್ಮ ಹೆಣ್ಣುಮಕ್ಕಳಿಗೆ. ವಯಸ್ಸು ಕೇಳಿದರೆ “ನೀವ ನೋಡಿ ಬರಕೊಳ್ರಿ” ಎನ್ನುವವರಿಗೆ ಇನ್ನೊಂದು ಗುರುತೆಂದರೆ ಗಂಡನ ಹೆಸರೇ. ಅದನ್ನು ಬಾಯಿಬಿಟ್ಟು ಹೇಳುವುದುಂಟೇ? ಒಮ್ಮೆ ಕಲ್ಮಲದ ಮುದುಕಿಯೊಬ್ಬಳು ಸೆರಗು ಎಳೆದುಕೊಂಡು, “ನಿನಗ ಗೊತ್ತದಲ್ಲೋ ಯಪ್ಪಾ, ನೀನ ಬರಕೋ” ಎಂದಳು.

“ಗೊತ್ತದ. ಆದ್ರ ನಾ ಹೇಳಂಗಿಲ್ಲ. ಮದುವ್ಯಾಗ ಹೇಳಿದಂಗ ಒಡಪು ಹಾಕಿ ಹೇಳಬೇ ಯವ್ವಾ.”

ಪ್ರಾಸದ ಸಾಲುಗಳ ನಡುವೆ ಗಂಡನ ಹೆಸರು ತೂರಿಸುವ ಒಡಪು! ಮುದುಕಿ ಶುರು ಮಾಡಿದ್ದೇ ತಡ, ಬೆಂಚಿನ ಮೇಲಿದ್ದವರೆಲ್ಲ ಸರದಿಯ ಮೇಲೆ ಒಡಪು ಹಾಕಿದರು. ಕೈ ಮುರಿದುಕೊಂಡು ಬಂದಾಕೆ ಚಪ್ಪಾಳೆ ತಟ್ಟಲು ಹೋಗಿ ಚೀರಿದಳು. ಡಾಕ್ಟರು ಹೊರಗೆ ಬಂದು, “ಏನಿದು, ಎಕ್ಸ್‌ರೇನೋ, ಬೀಗರೂಟಾನೋ?” ಎಂದರು.

ಅತ್ತೆ ಇದನ್ನು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. “ಊರ ಮಂದಿ ಬಾಯಿಂದ ಹೆಸರು ಹೊರಡಿಸ್ತೀರಿ, ನನ್ನ ಬಾಯಿಂದ ಹೊರಡಿಸ್ರಿ ನೋಡೋಣು!” ಎಂದು ಸವಾಲು ಹಾಕಿದಳು. ತವರೂರು ಚೀಕಲಪರ್ವಿಯಲ್ಲಿ ತನ್ನ ಮದುವೆಯ ಚಪ್ಪರದಲ್ಲಿ ಒಂದೇ ಸಲ ಅವಳು ಒಡಪು ಹಾಕಿದ್ದು. ನಮ್ಮಮ್ಮ ಈಗಲೂ ಅದನ್ನು ಹೇಳುತ್ತಾಳೆ: “ಚೀಕಲಪರ್ವಿ ಹೊಳಿ ನೀರು ತಿಳಿ, ಗಬ್ಬೂರ ಜ್ವಾಳದ ರೊಟ್ಟಿ ಬಿಳಿ,” ಆಮೇಲೆ ಮಾವನ ಹೆಸರು, “ಇವರ ಹೆಸರೀಲೆ ತೊಟ್ಟೀನಿ ಹಸರು ಬಳಿ.” ಅಂದಿನಿಂದ ಮಾವ ಬರೀ “ಏನ್ರಿ”, “ಇವರು”. ಅವಳು ಹೇಳದ ಹೆಸರನ್ನು ನಾನು ಇಲ್ಲಿ ಬರೆಯಲೇ? ಬೇಡ.

ಆಮೇಲೆ ಅತ್ತೆ ಸಾರಿಗೆ ಎರಡೆರಡು ಸಲ ಉಪ್ಪು ಹಾಕತೊಡಗಿದಳು. ಗಬ್ಬೂರಿನಿಂದ ರಾಯಚೂರಿಗೆ ಬರುವಾಗ ಕಲ್ಮಲದಲ್ಲೇ ಬಸ್ ಇಳಿದು, ತನ್ನದೇ ಮನೆಯೆಂದು ಯಾರದೋ ಮನೆಯ ಬಾಗಿಲು ಬಡಿದಳು. ಆಸ್ಪತ್ರೆಗೆ ತೋರಿಸಿದರೆ ತಲೆಯ ಸ್ಕ್ಯಾನ್ ಮಾಡಿಸಿ ಎಂದರು. ಮಾಡುವವನು ಯಾರು? ನಮ್ಮ ಮಾವನೇ. ನಾನೂ ಜೊತೆಗೆ ಹೋಗಿದ್ದೆ.

“ನಿಮ್ಮ ಹೆಸರೇನ್ರಿ?”

“ಸುಶೀಲಾ” ಎಂದು ಅತ್ತೆ ಮುಸಿಮುಸಿ ನಕ್ಕಳು.

“ಗಂಡನ ಹೆಸರು ಹೇಳ್ರಿ.”

ಬೆಂಚಿನ ಮೇಲಿದ್ದವರ ಕಿವಿ ನೆಟ್ಟಗಾಯಿತು. ಅತ್ತೆ ಸೆರಗು ಸರಿಮಾಡಿಕೊಂಡು ಶುರು ಮಾಡಿದಳು. “ಚೀಕಲಪರ್ವಿ ಹೊಳಿ ನೀರು ತಿಳಿ, ಗಬ್ಬೂರ ಜ್ವಾಳದ ರೊಟ್ಟಿ ಬಿಳಿ…” ಅಲ್ಲಿಗೆ ನಿಂತಳು. “ನಾಚಿಕಿ ನೋಡ್ರಿ ಅಕಿಗೆ!” ಎಂದು ಎಲ್ಲರೂ ನಕ್ಕರು. ನಾನೂ ನಕ್ಕೆ. ಮಾವ ಮಾತ್ರ ನಗಲಿಲ್ಲ. ಅತ್ತೆಯ ಕಣ್ಣು ಅವನ ಮುಖದ ಮೇಲೆಲ್ಲ ಹುಡುಕುತ್ತಿತ್ತು. ಅದು ನಾಚಿಕೆಯಲ್ಲ, ಹೆಸರು ಸಿಗುತ್ತಿರಲಿಲ್ಲ! ಯಾವ ಕಾಲಕ್ಕೆ ಮರೆತಿದ್ದಳೋ! ಗಂಡನ ಹೆಸರು ಹೇಳದ ನಮ್ಮ ಪದ್ಧತಿ ಆ ಮರೆವನ್ನು ಸೆರಗಿನಲ್ಲಿ ಮುಚ್ಚಿಟ್ಟಿತ್ತು, ಒಂದೇ ಮನೆಯಲ್ಲಿದ್ದ ಮಾವನಿಗೂ ಗೊತ್ತಾಗದ ಹಾಗೆ.

ರೋಗಿಗೆ ಹೇಳಲಾಗದಿದ್ದರೆ ಜೊತೆಗೆ ಬಂದವರು ಹೇಳಬೇಕು ಎಂಬ ನಿಯಮವೂ ಇದೆ. ಮಾವ ಬಿಳಿ ಕೋಟು ಕಳಚಿದ. ಮೇಜನ್ನು ಸುತ್ತಿ ಈಚೆ ಬಂದು ಅತ್ತೆಯ ಪಕ್ಕ ನಿಂತು, ಜೊತೆಯ ಕೆಲಸಗಾರನಿಗೆ, “ಈಗ ನೀವು ನನ್ನ ಕೇಳ್ರಿ” ಎಂದ.

“ಗೊತ್ತದ ಬಿಡ್ರಿ ಸರ್…”

“ಗೊತ್ತಿದ್ರೂ ಕೇಳ್ರಿ.”

ಅವನು ಕೇಳಿದ. ಮಾವ ತನ್ನ ಹೆಸರು ತಾನೇ ಹೇಳಿದ.

ಈಗ ಮಾವ ಕೆಲಸ ಬಿಟ್ಟು ಅತ್ತೆಯನ್ನು ನೋಡಿಕೊಳ್ಳುತ್ತ ಮನೆಯಲ್ಲೇ ಇದ್ದಾನೆ. ಮೊನ್ನೆ ಹೋದಾಗ ಅತ್ತೆ ನನ್ನನ್ನು, “ಯಾರವ್ವ ನೀ?” ಎಂದಳು. ನನಗೆ ಅಳು ಬಂತು. “ಅಳಬ್ಯಾಡ, ಹೇಳು. ಕೇಳೋದು ಚಲೋನ ಅದ” ಎಂದ ಮಾವ. ಹೇಳಿದೆ. ಅತ್ತೆ ಅವನತ್ತ ತಿರುಗಿದಳು.

“ನೀವ್ಯಾರ್ರಿ?”

ಮಾವ ಎದ್ದು ಕೈಕಟ್ಟಿ ನಿಂತು ಹೆಸರು, ಊರು ಹೇಳಿದ.

“ಹೆಂಡತಿ ಹೆಸರು?”

ಮಾವನ ಮುಖ ಮದುಮಗನ ಹಾಗೆ ಕೆಂಪಾಯಿತು. “ಚೀಕಲಪರ್ವಿ ಹೊಳಿ ನೀರು ತಿಳಿ, ಗಬ್ಬೂರ ಜ್ವಾಳದ ರೊಟ್ಟಿ ಬಿಳಿ, ಸುಶೀಲಾಗ ತೊಡಿಸೀನಿ ಹಸರು ಬಳಿ.”

ಅತ್ತೆ ಚಪ್ಪಾಳೆ ತಟ್ಟಿದಳು. ಕೈತುಂಬ ಇದ್ದ ಹಸಿರು ಬಳೆಗಳು ಗಲ್ಲೆಂದವು. “ಭಾಳ ಚಂದ ಹೇಳಿದ್ರಿ! ಯಾರಿದ್ದಾಳೋ ಆಕಿ, ಪುಣ್ಯವಂತಿ ಬಿಡ್ರಿ.”

ಮಾವ ಅವಳ ಕೈ ಹಿಡಿದು, “ಪುಣ್ಯ ನಂದ್ರಿ. ಹಂಗಂತ ಬರಕೊಳ್ರಿ” ಎಂದ.